ರೆಪೊ ದರ ಇಳಿಸಿದ ಪಾಪ

ಎಂಬಿಎ ಸೀಟಿಗಾಗಿ ಐಐಎಂ ಸಂದರ್ಶನದ ಸೀಸನ್ನು ಬಂತೆಂದರೆ ನಾಡಿನ ಇಪ್ಪತ್ತೆರಡರ ಹುಡುಗರಿಗೆಲ್ಲ ಒಂದೇ ಕಾಯಿಲೆ. ನಿಮ್ಮ ದೌರ್ಬಲ್ಯವೇನು ಎಂದು ಕೇಳಿ ನೋಡಿ: ‘ಎಲ್ಲಾ ಪರ್ಫೆಕ್ಟ್ ಆಗಿರ್ಬೇಕು ಅನ್ನೋದೇ, ಸರ್.’ ಪಿಜಿಯ ಬಕೆಟ್ಟಿನಲ್ಲಿ ನಾಲ್ಕು ದಿನದಿಂದ ಬಟ್ಟೆ ನೆನೆಹಾಕಿಟ್ಟವನೂ ಇದನ್ನೇ ಹೇಳುತ್ತಾನೆ. ಇನ್ನು ಹವ್ಯಾಸ? ಓದು. ಅದು ಹುಟ್ಟಿದ್ದು ಪ್ರವೇಶ ಪರೀಕ್ಷೆ ಕ್ಯಾಟ್‌ನ ಫಲಿತಾಂಶ ಬಂದ ಮರುದಿನ.

ಇಂಥ ಮಕ್ಕಳಿಗೆ 2025ರಲ್ಲಿ ದ್ರೋಹ ಬಗೆದದ್ದು ರಿಸರ್ವ್ ಬ್ಯಾಂಕು. ರೆಪೊ ದರ, ಅಂದರೆ ಅದು ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಎರಡು ವರ್ಷ ಶೇ 6.50ರಲ್ಲೇ ಕಲ್ಲುಬಸವನ ಹಾಗೆ ಕೂತಿತ್ತು. ಸೀನಿಯರ್‌ಗಳ ನೋಟ್ಸೇ ಸಾಕಿತ್ತು. ಸಂದರ್ಶನಗಳ ಕಾಲದಲ್ಲೇ, ಫೆಬ್ರುವರಿ 7ರಂದು, 6.25 ಮಾಡಿಬಿಟ್ಟರು! ಅದನ್ನು ಉರು ಹೊಡೆಯುವಷ್ಟರಲ್ಲಿ ಏಪ್ರಿಲ್ 9ಕ್ಕೆ 6.00. ಪ್ರೊಫೆಸರುಗಳೋ, ಅಂಕಿ ಕೇಳಿ ಸುಮ್ಮನಾಗುವವರಲ್ಲ. ಯಾಕೆ ಇಳಿಸಿದರು? ನಿಮ್ಮ ತಂದೆಯ ಎಫ್‌ಡಿ ಏನಾಗುತ್ತೆ? ಮನೆ ಸಾಲದ ಬಡ್ಡಿ ರೆಪೊಗೆ ಕಟ್ಟಿದ್ದೋ, ಬ್ಯಾಂಕು ತಾನೇ ಲೆಕ್ಕ ಹಾಕುವ ಎಂಸಿಎಲ್‌ಆರ್ ದರಕ್ಕೋ? ಮೊದಲ ಪ್ರಶ್ನೆಗೆ ನೋಟ್ಸ್ ಇದೆ, ಎರಡನೆಯದಕ್ಕೆ ಅರ್ಧ ಇದೆ, ಮೂರನೆಯದಕ್ಕೆ ಫ್ಯಾನು ನೋಡುವುದೊಂದೇ ದಾರಿ. ಗೊತ್ತಿಲ್ಲ ಸರ್ ಎಂದರೆ ಅವರೇನೂ ಹೊಡೆಯುವುದಿಲ್ಲ. ಬೇರೆ ವಿಷಯಕ್ಕೆ ಹೋಗುತ್ತಾರೆ. ಆದರೆ ಬಾಯಿ ಬಡಾಯಿ ನಿಲ್ಲಿಸಬೇಕಲ್ಲ.

ಊರಿನ ಪ್ರಶ್ನೆ ಇನ್ನೂ ಚೆಂದ. ಹುಬ್ಬಳ್ಳಿಯ ಹುಡುಗ: ‘ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್, 1,507 ಮೀಟರ್, ಗೋರಖ್‌ಪುರದ ದಾಖಲೆ ಮುರಿದದ್ದು.’ ಅಷ್ಟುದ್ದ ಯಾಕೆ ಬೇಕಿತ್ತಪ್ಪಾ? ಮೌನ. ಎರಡೂ ದಿಕ್ಕಿಗೆ ಒಂದೊಂದು ರೈಲು ಒಟ್ಟಿಗೇ ಬಿಡಲಿಕ್ಕೆ ಅಂತ ಅಲ್ಲಿನ ಪೋರ್ಟರ್ ಹೇಳುತ್ತಿದ್ದ. ಇದೇ ಹುಡುಗ ದುರ್ಗದಬೈಲಿನ ಗಿರ್ಮಿಟ್ ಗಾಡಿಯ ಎದುರು ಬೆಳೆದವನು. ಚುರುಮರಿ ಎಷ್ಟು ಹೊತ್ತಿಗೆ ಮೆತ್ತಗಾಗುತ್ತದೆ, ಮಳೆ ಬಂದ ದಿನ ಮಿರ್ಚಿ ಎಷ್ಟು ಹೆಚ್ಚು ಖರ್ಚಾಗುತ್ತದೆ, ಈರುಳ್ಳಿ ತುಟ್ಟಿಯಾದಾಗ ಗಾಡಿಯವನು ಪ್ಲೇಟಿನ ದರ ಏರಿಸದೆ ಏನು ಕಡಿಮೆ ಮಾಡುತ್ತಾನೆ, ಎಲ್ಲ ಬಲ್ಲ. ಇಪ್ಪತ್ತು ನಿಮಿಷ ಮಾತಾಡಬಲ್ಲ. ಅದೇ ತಾನೇ ಬಿಸಿನೆಸ್ಸು? ಕೋಚಿಂಗಿನವರು ಬೇಡ ಅಂದರು. ‘ತೀರಾ ಲೋಕಲ್ ಆಯ್ತು.’

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಹಾರಿದವರಿಗೆ ಥರ್ಮೋಡೈನಾಮಿಕ್ಸ್‌ನ ಎರಡನೇ ನಿಯಮ ಕಾದಿರುತ್ತದೆ. ಎರಡು ಸಬ್ಜೆಕ್ಟ್ ಗಟ್ಟಿ ಮಾಡಿಕೊಂಡು ಹೋದರೆ ಬದುಕಿದಿರಿ. ಇದನ್ನು ಪುಕ್ಕಟೆ ಹೇಳುತ್ತಿದ್ದೇನೆ.

ನಗುವುದು ಸಾಕು. ಈ ಬಾಗಿಲವರೆಗೆ ಬರುವುದಕ್ಕೂ ಹತ್ತನೇ ಕ್ಲಾಸಿನ ಅಂಕ ಲೆಕ್ಕಕ್ಕಿದೆ. ಅಪ್ಪ ಹಾಸಿಗೆ ಹಿಡಿದ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ 71 ತೆಗೆದವನು ಕ್ಯಾಟ್‌ನಲ್ಲಿ 99 ಪರ್ಸೆಂಟೈಲ್ ತಂದರೂ ಬನ್ನೇರುಘಟ್ಟ ರಸ್ತೆಯ ಬೆಂಗಳೂರು ಐಐಎಂನಿಂದ ಕರೆ ಬರುವುದು ಕಷ್ಟ. ಹದಿನೈದರ ಹುಡುಗನ ಜ್ವರ, ಸಾಲ, ಮನೆಯ ಜಗಳ ಯಾವ ಫಾರ್ಮಿನಲ್ಲೂ ಇರುವುದಿಲ್ಲ. ಕರೆ ಬಂದ ಉಳಿದವರನ್ನು ಕೋಚಿಂಗಿನವರು ಕೂರಿಸಿ, ನೀನು ನೀನಲ್ಲ ಎಂದು ಕಲಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ಅಸಹ್ಯ.

ಕೊನೆಯ ಮಾಕ್ ಸೆಷನ್ನಿನ ಹೆಸರು ‘ಬಿ ಯುವರ್‌ಸೆಲ್ಫ್’. ಬ್ಲೇಜರ್ ಕಡ್ಡಾಯ.