ಪೋಕರ್ ಖಾಲಿ ಮಾಡಿದ ಜಾಗದಲ್ಲಿ ನುಡಿ

ಮಗಳು ಕೊಡಿಸಿದ ಮ್ಯಾಕ್‌ಬುಕ್ಕಿನ ಬಗ್ಗೆ ನೆಂಟರಿಷ್ಟರ ಮುಂದೆ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು, ಡಿಟಿಪಿ ಮಾಡುವವರ ಮುಂದೆ ಮಾತ್ರ ಕೊಚ್ಚಿಕೊಳ್ಳಬಾರದು. ಹಳೆಯ ವಿದ್ಯಾರ್ಥಿಗಳ ಸಂಘದ ಸ್ಮರಣ ಸಂಚಿಕೆಗೆ ನಾನು ಯುನಿಕೋಡ್‌ನಲ್ಲಿ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಕಡೆ ಜಾಗ ಕೊಡುವ ಸಂಕೇತ ವ್ಯವಸ್ಥೆಯಲ್ಲಿ ಟೈಪಿಸಿ ಕಳುಹಿಸಿದ ಲೇಖನವನ್ನು ತೆರೆದು ನೋಡಿ, ಪುಟ ಕಟ್ಟುವ ಹುಡುಗ ಫೋನ್ ಮಾಡಿದ. “ಸರ್, ನಿಮ್ಮ ಲೇಖನದ ತುಂಬ ಬರೀ ಪ್ರಶ್ನೆಗಳೇ ಇವೆ.” ಕೊನೆಗೂ ವೈಚಾರಿಕತೆಯನ್ನು ಗುರುತಿಸುವ ಓದುಗನೊಬ್ಬ ಸಿಕ್ಕನಲ್ಲ ಎಂದು ಹಿಗ್ಗಿದೆ. ಅವನು ಹೇಳಿದ್ದು ಪ್ರಶ್ನಾರ್ಥಕ ಚಿಹ್ನೆಗಳ ವಿಷಯ. ಶೀರ್ಷಿಕೆಯಿಂದ ಹಿಡಿದು ನನ್ನ ಹೆಸರಿನವರೆಗೆ ಅವನ ಪರದೆಯ ಮೇಲೆ ಬೇರೇನೂ ಇರಲಿಲ್ಲ.

ಅವನದು ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶ. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು, ಯುನಿಕೋಡ್ ಅದಕ್ಕೆ ತಿಳಿಯದು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಎಷ್ಟೋ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳು ಇಂದಿಗೂ ಈ ಮುದಿ ತಂತ್ರಾಂಶದ ಕೈಯಲ್ಲೇ ಹುಟ್ಟುತ್ತವೆ. ಅದಕ್ಕೆ ಬೇಕಾದದ್ದು ಕನ್ನಡ ಟೈಪಿಸುವ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟ್. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಈಗ ಯುನಿಕೋಡನ್ನೂ ಬಲ್ಲದು. ಆದರೆ ಅದು ಹುಟ್ಟಿದ ಕಾಲದ ಫಾಂಟುಗಳಲ್ಲಿ ಇದ್ದ ಜಾಗವೇ 256. ಕನ್ನಡದ ಅಕ್ಷರಗಳನ್ನು ಬಿಡಿಬಿಡಿಯಾಗಿಸಿ, ಇಂಗ್ಲಿಷ್ ಅಕ್ಷರಗಳು ಕೂರುವ ಕಡೆ ಅವುಗಳನ್ನು ಕೂರಿಸಿದರು. ಅಂದಿನ ಮಟ್ಟಿಗೆ ಬಹಳ ಜಾಣ ಉಪಾಯ. ಆ ಫಾಂಟ್ ಇಲ್ಲದ ನನ್ನ ಮ್ಯಾಕ್‌ನಲ್ಲಿ ಅಂಥ ಕಡತವನ್ನು ತೆರೆದರೆ ‘ಕನ್ನಡ’ ಎಂಬುದು ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಇನ್ನೊಂದು ಗೀಟಿನ ಎ, ನಕಾರದ ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ನವೆಂಬರ್ ತಿಂಗಳಲ್ಲಿ ಇದನ್ನು ಯಾರಿಗೂ ತೋರಿಸದಿರುವುದು ಕ್ಷೇಮ.

“ಕನ್ವರ್ಟ್ ಮಾಡಿದ್ದು ಬೇಡ ಸರ್, ಒತ್ತಕ್ಷರಗಳು ಹಾರಿಹೋಗುತ್ತವೆ. ನುಡಿಯಲ್ಲೇ ಹೊಡೆದು ಕಳುಹಿಸಿ” ಎಂದ ಹುಡುಗ. ನುಡಿ ಬೇಕೆಂದರೆ ವಿಂಡೋಸ್ ಬೇಕು. ಇಂಟೆಲ್ ಚಿಪ್ಪಿನ ಮ್ಯಾಕ್ ಆಗಿದ್ದರೆ, 2006ರಿಂದ ಇದ್ದ ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ಅದರಲ್ಲೇ ವಿಂಡೋಸ್ ಹಾಕಿಕೊಳ್ಳಬಹುದಿತ್ತು. 2020ರಲ್ಲಿ ಆಪಲ್ ತನ್ನದೇ ಚಿಪ್ ತಂದಿತು, ಬೂಟ್ ಕ್ಯಾಂಪ್‌ಗೆ ಅಲ್ಲಿ ಜಾಗ ಸಿಗಲಿಲ್ಲ. ನನ್ನದು ಹೊಸ ಚಿಪ್ಪಿನದು. ಹೊಸದು ಎಂಬುದೇ ಅದರ ದೋಷ.

ಕೊನೆಗೆ ಎದುರು ಮನೆಯ ಹುಡುಗನನ್ನು ಕರೆದೆ. ಅವನು ಬಾಗಿಲಲ್ಲೇ ನಿಂತು, “ಮ್ಯಾಕ್‌ಗೆ ವೈನ್ ಹಾಕಿ ನೋಡಿದಿರಾ ಅಂಕಲ್?” ಎಂದ. ವೈನ್ ಎಂದರೆ ವಿಂಡೋಸ್ ಇಲ್ಲದೆಯೇ ವಿಂಡೋಸಿನ ತಂತ್ರಾಂಶ ನಡೆಸುವ ಒಂದು ವ್ಯವಸ್ಥೆ, 1993ರಿಂದ ಇದೆ. ಅವರೆಕಾಯಿ ಸುಲಿಯುತ್ತಿದ್ದ ನನ್ನ ಅಮ್ಮನಿಗೆ ಈ ವಿವರಣೆ ತಲುಪುವ ಮೊದಲೇ ಪ್ರಶ್ನೆ ತಲುಪಿತ್ತು. “ಮೊನ್ನೆ ನಾಲ್ಕು ಹನಿ ಕಾಫಿ ಚೆಲ್ಲಿದ್ದಕ್ಕೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡ, ಈಗ ತಾನೇ ವೈನ್ ಹಾಕುತ್ತಾನಂತೆ” ಎಂದು ಅವರು ಅವರೆಕಾಯಿಗೇ ಹೇಳಿಕೊಂಡರು. ವೈನ್ ಹಾಕಿದರೂ ನುಡಿ ಏಳಲಿಲ್ಲ.

ಹುಡುಗನ ಬಳಿ ಇದ್ದದ್ದು 2019ರ ಇಂಟೆಲ್ ಮ್ಯಾಕ್. ಅದರ ಒಂದು ಮೂಲೆಯಲ್ಲಿ ಅವನು ಇಡೀ ವಿಂಡೋಸನ್ನು ಬಾಡಿಗೆದಾರನ ಹಾಗೆ ಇರಿಸಿಕೊಂಡಿದ್ದ. ಕಾರಣ ಪೋಕರ್. ಅವನ ತಾಯಿಯ ಪ್ರಕಾರ ಅದು ಇಸ್ಪೀಟು, ಅವನ ಪ್ರಕಾರ ದತ್ತಾಂಶ ವಿಶ್ಲೇಷಣೆ. ಆಡಿದ ಪ್ರತಿ ಆಟದ ವಿವರವೂ ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಉಳಿಯುತ್ತದೆ. ಲೆಕ್ಕ ಇಡುವ ಇನ್ನೊಂದು ತಂತ್ರಾಂಶ ಅದನ್ನು ಓದಿಕೊಂಡು, ಮೇಜಿನ ಸುತ್ತ ಕೂತ ಒಬ್ಬೊಬ್ಬರ ಹೆಸರಿನ ಪಕ್ಕದಲ್ಲೂ ಅಂಕಿಗಳನ್ನು ತೇಲಿಬಿಡುತ್ತದೆ. ಇವನು ನೂರಕ್ಕೆ ಎಷ್ಟು ಸಲ ಮನಸ್ಸು ಮಾಡಿ ಹಣ ಹೂಡುತ್ತಾನೆ, ಎಷ್ಟು ಸಲ ಪಣ ಏರಿಸುತ್ತಾನೆ, ಎಷ್ಟು ಸಲ ಹೆದರಿ ಎಲೆ ಕೆಳಗಿಡುತ್ತಾನೆ ಎಂಬುದೆಲ್ಲ ಕಣ್ಣೆದುರಿಗೇ ಇರುತ್ತದೆ. ಹೆಣ್ಣು ನೋಡಲು ಬರುವವರ ತಲೆಯ ಮೇಲೂ ಇಂಥ ಅಂಕಿಗಳು ತೇಲಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ನನ್ನ ಹೆಂಡತಿ ನಿಟ್ಟುಸಿರಿಟ್ಟಳು. ನಾನು ಆ ಮಾತನ್ನು ಮುಂದುವರಿಸಲಿಲ್ಲ.

ಆ ಲೆಕ್ಕದ ತಂತ್ರಾಂಶ ವಿಂಡೋಸ್ ಬಿಟ್ಟು ಕದಲದು. ಅದಕ್ಕಾಗಿ ಹುಡುಗ ಮ್ಯಾಕ್‌ನಲ್ಲಿ ವಿಂಡೋಸ್, ವಿಂಡೋಸ್‌ನಲ್ಲಿ ಪೋಕರ್, ಪೋಕರಿನ ಮೇಲೆ ಅಂಕಿ ಎಂದು ಮಹಡಿಯ ಮೇಲೆ ಮಹಡಿ ಕಟ್ಟಿದ್ದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಪೋಕರ್ ಗಂಟುಮೂಟೆ ಕಟ್ಟಿತು. “ಜಾಗ ಖಾಲಿಯಿದೆ ಅಂಕಲ್, ನಿಮ್ಮ ನುಡಿಯನ್ನು ಕರೆದುಕೊಂಡು ಬನ್ನಿ” ಎಂದ ಹುಡುಗ.

ಬಹಳ ದಿನ ಬೀಗ ಹಾಕಿದ್ದ ವಿಂಡೋಸ್ ತೆರೆದ ಕೂಡಲೇ ಅಪ್‌ಡೇಟ್ ಆಗಬೇಕೆಂದು ಹಟ ಹಿಡಿಯಿತು. ನಾವು ಕಾಫಿ ಕುಡಿದೆವು, ಊಟ ಮಾಡಿದೆವು, ಅದು ಮಾತ್ರ ಶೇಕಡಾವಾರು ಲೆಕ್ಕ ಹೇಳುತ್ತಾ ಕೂತಿತ್ತು. ಅಂತೂ ನುಡಿ ಒಳಗೆ ಬಂದು ನೆಲೆಸಿತು. ಕೆ. ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ನನ್ನ ಬೆರಳುಗಳಿಗೆ ಅಭ್ಯಾಸವಾದದ್ದು, ಒತ್ತಕ್ಷರಕ್ಕೆ ಎಫ್ ಒತ್ತಬೇಕೆಂದು ನಿದ್ದೆಯಲ್ಲೂ ಹೇಳಬಲ್ಲೆ. ಇನ್ನೇನು ಶುರು ಮಾಡಬೇಕು, ಆಗ ಗೊತ್ತಾಯಿತು: ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಒತ್ತಬೇಕಾದದ್ದು ಸ್ಕ್ರೋಲ್ ಲಾಕ್ ಕೀಲಿ. ಮ್ಯಾಕ್‌ಬುಕ್ಕಿನಲ್ಲಿ ಆ ಕೀಲಿಯೇ ಇಲ್ಲ.

ವಿಂಡೋಸ್ ಇರುವ ಕಂಪ್ಯೂಟರುಗಳಲ್ಲಿ ಅದು ಬಲಗಡೆಯ ಮೇಲಿನ ಮೂಲೆಯಲ್ಲಿ, ಯಾರೂ ಮಾತನಾಡಿಸದ ದೂರದ ನೆಂಟನಂತೆ ಇರುತ್ತದೆ ಎಂದು ಬರೆಯಲು ಹೊರಟಿದ್ದೆ. ನುಡಿಯಲ್ಲಿ ಬರೆಯುವವರ ಪಾಲಿಗೆ ಅದು ದೂರದ್ದೂ ಅಲ್ಲ, ನೆಂಟನೂ ಅಲ್ಲ, ಮನೆಯ ಯಜಮಾನ. ಹುಡುಗ ತಲೆ ಕೆರೆದುಕೊಂಡು ಕೊನೆಗೆ ಪರದೆಯ ಮೇಲೆಯೇ ಒಂದು ಕೀಲಿಮಣೆಯ ಚಿತ್ರವನ್ನು ತರಿಸಿದ. ಅದರಲ್ಲಿ ಆ ಕೀಲಿ ಇತ್ತು. ಕನ್ನಡ ಬೇಕಾದಾಗ ಬಾಣವನ್ನು ಅಲ್ಲಿಗೆ ಒಯ್ದು ಒತ್ತಬೇಕು, ಇಂಗ್ಲಿಷ್ ಪದ ಬಂದಾಗ ಮತ್ತೆ ಒಯ್ದು ಒತ್ತಬೇಕು. ಆ ಕೀಲಿಮಣೆಯ ಚಿತ್ರವೋ ಸರಿಯಾಗಿ ನಾನು ಬರೆಯುತ್ತಿರುವ ಸಾಲಿನ ಮೇಲೆಯೇ ಬಂದು ಕೂರುತ್ತಿತ್ತು. ಪಕ್ಕಕ್ಕೆ ಸರಿಸಿದರೆ ಹಿಂದೆ ಅಡಗಿದ್ದ ಪೋಕರ್ ತಂತ್ರಾಂಶ ಇಣುಕಿ, ಹೊಸ ಆಟ ಯಾವುದೂ ಸಿಕ್ಕಿಲ್ಲ ಎಂದು ದೂರುತ್ತಿತ್ತು. ಅದನ್ನು ತೆಗೆದುಹಾಕಲು ಹುಡುಗ ಒಪ್ಪಲಿಲ್ಲ. ಅವನ ಹಳೆಯ ಅಂಕಿಅಂಶಗಳೆಲ್ಲ ಅದರಲ್ಲೇ ಇದ್ದವಂತೆ. ಮಾಜಿ ಪ್ರಿಯತಮೆಯ ಪತ್ರಗಳನ್ನೂ ಯಾರೂ ಇಷ್ಟು ಜೋಪಾನ ಮಾಡಿರಲಾರರು.

ನನ್ನ ಲೇಖನದ ವಿಷಯ ‘ನಾನು ಕಂಪ್ಯೂಟರ್ ಕಲಿತದ್ದು’. ಹಾಗಾಗಿ ಸಾಲಿಗೊಂದಾದರೂ ಇಂಗ್ಲಿಷ್ ಲಿಪಿಯ ಪದ. ಪ್ರತಿಯೊಂದಕ್ಕೂ ಆ ಕೀಲಿಗೆ ಹೋಗಿಬಂದು, ಕಣ್ಣು ಕೆಂಪಾಗಿಸಿಕೊಂಡು ಮುಗಿಸಿ ಕಳುಹಿಸಿದೆ. ಡಿಟಿಪಿ ಹುಡುಗ ಇಡೀ ಲೇಖನವನ್ನು ಒಟ್ಟಿಗೆ ಹಿಡಿದು ಎಲ್ಲಕ್ಕೂ ನುಡಿ ಫಾಂಟ್ ಹಚ್ಚಿದ. ಅಲ್ಲಿಗೆ ಇಂಗ್ಲಿಷ್ ಪದಗಳೆಲ್ಲ ಕನ್ನಡಕ್ಕೆ ಮತಾಂತರಗೊಂಡವು. ಜಾಲತಾಣದ ವಿಳಾಸದ ಮೊದಲ ಮೂರು ಡಬ್ಲ್ಯುಗಳು ‘ತಿತಿತಿ’ ಆಗಿದ್ದವು. ಇಂಗ್ಲಿಷಿನಲ್ಲಿ ಮ್ಯಾಕ್ ಎಂದು ಬರೆದಿದ್ದಲ್ಲೆಲ್ಲ ‘ಒಚಿಛಿ’ ಎಂದಿತ್ತು. ಕರಡು ಪ್ರತಿಯಲ್ಲಿ ಕೆಂಪು ಶಾಯಿಯಿಂದ ಒಂದೊಂದನ್ನೂ ತಿದ್ದಿ, ಫೋಟೊ ತೆಗೆದು ಕಳುಹಿಸಿದೆ. ಅವನು ‘ತಿತಿತಿ’ಗಳನ್ನು ತೆಗೆದ. ‘ಒಚಿಛಿ’ಗಳನ್ನು ಉಳಿಸಿದ.

ಸಂಚಿಕೆ ಬಿಡುಗಡೆಯಾದ ಮೇಲೆ ನಮ್ಮ ನಿವೃತ್ತ ಕನ್ನಡ ಮೇಷ್ಟ್ರು ಫೋನ್ ಮಾಡಿದರು. “ಲೇಖನ ಚೆನ್ನಾಗಿದೆಯಪ್ಪ. ‘ಮಗಳು ನನಗೆ ಒಚಿಛಿ ಕೊಡಿಸಿದಳು’ ಎಂದು ಬರೆದಿದ್ದೀಯಲ್ಲ, ಅದು ಯಾವ ಸೀಮೆಯ ತಿಂಡಿ?”

ಕರಾವಳಿಯ ಕಡೆಯದು ಮೇಷ್ಟ್ರೇ ಎಂದೆ.