ದೊಡ್ಡಮ್ಮನ ಸೀಟಿನ ಕೆಳಗಿನ ಗುಂಯ್

ನನ್ನ ಕಾರಿನ ಬೆನ್ನ ಮೇಲೆ ‘ಎಂಪಿ’ ಅಂತ ಇದೆ. ನಾನು ರಾಜಕಾರಣಿ ಅಲ್ಲ. ಮೊದಲು ಅದು ‘ಎಂಪಿಎಫ್‌ಐ’ ಆಗಿತ್ತು, ಕೊನೆಯ ಎರಡಕ್ಷರ ಉದುರಿಹೋದವು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ, ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಕಾರ್ಬುರೇಟರ್ ಮೂಲೆಗೆ ಸೇರಿತು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ‘ಮಲ್ಟಿ ಪಾಯಿಂಟ್ ಫ್ಯೂಯಲ್ ಇಂಜೆಕ್ಷನ್’, ಅಂದರೆ ಎಂಪಿಎಫ್‌ಐ, ಬಂತು. ಆಗ ಈ ನಾಲ್ಕಕ್ಷರವನ್ನು ಡಾಕ್ಟರ ಬೋರ್ಡಿನ ಡಿಗ್ರಿ ಹಾಗೆ ಕಾರಿಗೆ ಅಂಟಿಸುತ್ತಿದ್ದರು. ನನ್ನದು 2003ರ ಮಾಲು.

ಹಿಂದೆ ಒಂದು ವರ್ಷ ಇದಕ್ಕೆ ಬೆಳಗ್ಗೆ ಸ್ಟಾರ್ಟಿಂಗ್ ಟ್ರಬಲ್ ಇತ್ತು. ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತಿತ್ತು, ಇಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದೆ. ನಾಲ್ಕೂ ಪ್ಲಗ್ ಬದಲಾಯಿಸಿದೆ. ಮನೆಯವಳು ಬಾನೆಟ್ಟಿಗೆ ನಿಂಬೆಹಣ್ಣು ಕಟ್ಟಿದಳು, ಅದನ್ನೂ ಎರಡು ಸಲ ಬದಲಾಯಿಸಿದೆವು. ಕೊನೆಗೆ ಪಕ್ಕದ ಮನೆಯವರು, “ಕೀ ಆನ್ ಮಾಡಿ, ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ, ಹೀಗೇ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ” ಅಂದರು. ಮಾಡಿದೆ, ಒಂದೇ ಏಟಿಗೆ ಸ್ಟಾರ್ಟ್! ಯಾಕೆ ಅಂತ ಕೇಳಲಿಲ್ಲ. ಪ್ರದಕ್ಷಿಣೆ ಮೂರೇ ಯಾಕೆ ಅಂತ ಯಾರಾದರೂ ಕೇಳುತ್ತಾರಾ? ಸ್ಟೀರಿಯೋದಲ್ಲಿ ಚುಚ್ಚಿಟ್ಟ ಪೆನ್‌ಡ್ರೈವ್ ಕೀ ತಿರುಗಿಸಿದಾಗಲೆಲ್ಲ ಮೊದಲಿನಿಂದ ಶುರುವಾಗುತ್ತಿತ್ತು, ಹಾಗಾಗಿ ನಮ್ಮ ಬೀದಿಗೆ ದಿನಾ ಬೆಳಗ್ಗೆ ಗಣಪತಿ ಶ್ಲೋಕದ ಮೊದಲ ಸಾಲು ಮೂರು ಸಲ ಕೇಳಿಸುತ್ತಿತ್ತು. ಎರಡನೇ ಸಾಲು ಯಾರಿಗೂ ಗೊತ್ತಿಲ್ಲ.

ಹೋದ ವರ್ಷ ಅರಸೀಕೆರೆಯಲ್ಲಿ ಮದುವೆ. ಮುಹೂರ್ತ ಹತ್ತೂವರೆಗೆ. ತುಮಕೂರಿನಿಂದ ನಾನು, ಮನೆಯವಳು, ಚಿಕ್ಕಪ್ಪ, ದೊಡ್ಡಮ್ಮ ಹೊರಟೆವು. ಗುಬ್ಬಿ, ನಿಟ್ಟೂರು ದಾಟಿ ಕೆ.ಬಿ. ಕ್ರಾಸಿನಲ್ಲಿ ಕಾಫಿಗೆ ನಿಲ್ಲಿಸಿದೆ. ಬೇಕಿತ್ತಾ ಆ ಕಾಫಿ? ವಾಪಸ್ ಬಂದು ಕೀ ತಿರುಗಿಸಿದರೆ ಕಾರು ಕೆಮ್ಮಿತೇ ಹೊರತು ಏಳಲಿಲ್ಲ. ಮೂರು ಸಲ ಅಲ್ಲ, ಹನ್ನೊಂದು ಸಲ ಗಣಪತಿಯನ್ನು ಕರೆದೆ.

ಚಿಕ್ಕಪ್ಪ, “ಚೋಕ್ ಎಳಿ” ಅಂದರು. ಅದು ಕಾರ್ಬುರೇಟರ್ ಕಾಲದ್ದು, ಈ ಕಾರಿಗೆ ಚೋಕೇ ಇಲ್ಲ ಅಂದರೆ, “ಅದಕ್ಕೇ ಕಣೋ ಸ್ಟಾರ್ಟ್ ಆಗ್ತಿಲ್ಲ” ಅಂದರು. ಆಮೇಲೆ ತಳ್ಳುವ ಕಾರ್ಯಕ್ರಮ. ಕೊಬ್ಬರಿ ಮೂಟೆ ಹೊರುವ ಆರು ಜನ ಗಟ್ಟಿಮುಟ್ಟಾದ ಆಳುಗಳು ತಿಪಟೂರಿನ ದಿಕ್ಕಿಗೆ ಕಾಲು ಕಿಲೋಮೀಟರ್ ತಳ್ಳಿದರು, ಒಳಗೆ ದೊಡ್ಡಮ್ಮ ರೇಷ್ಮೆ ಸೀರೆಯಲ್ಲಿ ಉತ್ಸವಮೂರ್ತಿಯ ಹಾಗೆ ಕೂತಿದ್ದರು. ಪ್ರಯೋಜನ ಆಗಲಿಲ್ಲ. ಬ್ಯಾಟರಿ ಸತ್ತಿದ್ದರೆ ತಳ್ಳಬೇಕು ಸರಿ, ಇಂಜಿನ್ನಿಗೆ ಪೆಟ್ರೋಲೇ ಬರದಿದ್ದರೆ ಅರಸೀಕೆರೆ ತನಕ ತಳ್ಳಿಕೊಂಡೇ ಹೋಗಬೇಕು.

ಅಷ್ಟರಲ್ಲಿ ಅಲ್ಲೇ ಇದ್ದ ಸಣ್ಣ ಗ್ಯಾರೇಜಿನ ಮೇಸ್ತ್ರಿ ಬಂದರು. ಬಾನೆಟ್ ತೆಗೀತಾರೆ ಅಂದುಕೊಂಡೆ.

“ಮೊದ್ಲು ಆ ಹಾಡು ನಿಲ್ಸಿ ಸಾರ್.”

ನಿಲ್ಲಿಸಿದೆ. ಕೀ ಆನ್ ಮಾಡಿಸಿ ಕಿವಿಗೊಟ್ಟರು. ಏನೂ ಇಲ್ಲ. “ಟ್ಯಾಂಕಿಂದ ಪೆಟ್ರೋಲ್ ತಳ್ಳೋ ಪಂಪ್ ಕೂಗ್ತಿಲ್ಲ. ಕೀ ಹಾಕಿದ ತಕ್ಷಣ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಅನ್ಬೇಕು.” ಆಗ ಹಿಂದಿನಿಂದ ದೊಡ್ಡಮ್ಮ, “ಹೌದಪ್ಪ, ದಿನಾ ಅಂತಿತ್ತು. ಇವತ್ತು ಕಾಫಿ ಕುಡಿದು ಬಂದ್ಮೇಲೆ ಅನ್ಲಿಲ್ಲ. ಹೋದ ತಿಂಗಳಿಂದ್ಲೇ ದನಿ ಕಟ್ಟಿತ್ತು” ಅಂದರು. ಯಾಕೆ ಹೇಳಲಿಲ್ಲ ಅಂದರೆ, “ನೀನು ಕೇಳಿದ್ಯಾ?”

ಮೇಸ್ತ್ರಿ ಫ್ಯೂಸ್ ನೋಡಿದರು, ಸರಿ ಇತ್ತು. ಹಾರ್ನಿನ ರಿಲೇ, ಅಂದರೆ ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್ಚು, ಕಿತ್ತು ಪಂಪಿನ ರಿಲೇ ಜಾಗಕ್ಕೆ, ಅದನ್ನು ಇದರ ಜಾಗಕ್ಕೆ ಹಾಕಿದರು. ಹಾರ್ನ್ ಹೊಡೀತು, ಪಂಪ್ ಸುಮ್ನೆ ಇತ್ತು. ಅಂದರೆ ರಿಲೇ ತಪ್ಪಲ್ಲ. ದೊಡ್ಡಮ್ಮನನ್ನು ಇಳಿಸಿ ಸೀಟು ಎತ್ತಿದೆವು. ಕೆಳಗೆ ಮೂರು ಹೇರ್‌ಪಿನ್ನು, ಒಂದು ಪೆಪ್ಪರ್‌ಮೆಂಟು ಮತ್ತು ಎರಡು ವರ್ಷದ ಹಿಂದೆ ‘ಬಸ್ಸಲ್ಲಿ ಯಾರೋ ಕದ್ದ’ ದೊಡ್ಡಮ್ಮನ ಎಲೆಅಡಿಕೆ ಚೀಲ ಸಿಕ್ಕಿದವು. ಪಂಪಿನ ಕನೆಕ್ಟರ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದರು. ಕೀ ತಿರುಗಿಸಿದೆ. ಬಲ್ಬು ಎರಡು ಸೆಕೆಂಡ್ ಉರಿದು ಆರಿತು.

“ಕರೆಂಟ್ ಬರ್ತಿದೆ, ಪಂಪ್ ತಿರುಗ್ತಿಲ್ಲ. ಒಳಗೆ ಮೋಟಾರಿಗೆ ಕರೆಂಟ್ ಮುಟ್ಟಿಸೋ ಬ್ರಷ್ ಸವೆದಿದೆ. ಎಷ್ಟು ಪೆಟ್ರೋಲ್ ಹಾಕಿಸ್ತೀರ?”

“ಮುನ್ನೂರು ರೂಪಾಯಿಗೆ.” ಡಾಕ್ಟರ ಮುಂದೆ ಬೀಡಿ ಲೆಕ್ಕ ಒಪ್ಪಿಸಿದ ಹಾಗಾಯಿತು. ಪಂಪ್ ಕೂತಿರುವುದು ಟ್ಯಾಂಕಿನೊಳಗೆ, ಅದನ್ನು ತಣ್ಣಗಿಡುವುದು ಪೆಟ್ರೋಲೇ. ನಾನು ಸದಾ ರಿಸರ್ವಿನಲ್ಲಿ ಓಡಿಸಿ ಅದನ್ನು ಬೇಯಿಸಿದ್ದೆ. ಪಕ್ಕದ ಮನೆಯವರ ಮೂರು ಸಲದ ಗುಟ್ಟೂ ಆಗಲೇ ಗೊತ್ತಾಗಿದ್ದು. ಪಂಪಿನೊಳಗಿನ ವಾಲ್ವ್ ಸವೆದು ರಾತ್ರಿಯೆಲ್ಲ ಪೈಪಿನ ಒತ್ತಡ ಇಳಿದುಹೋಗುತ್ತಿತ್ತು, ಒಂದೊಂದು ಸಲ ಕೀ ತಿರುಗಿಸಿದಾಗಲೂ ಅದು ಸ್ವಲ್ಪ ಸ್ವಲ್ಪ ಏರುತ್ತಿತ್ತು.

ಮೇಸ್ತ್ರಿ ರಸ್ತೆ ಪಕ್ಕ ಬಿದ್ದಿದ್ದ ತೆಂಗಿನ ಎಡೆಮಟ್ಟೆ ಎತ್ತಿಕೊಂಡು ಕಾರಿನ ಕೆಳಗೆ ನುಗ್ಗಿದರು. “ಕೀ ಹಾಕಿ!” ಟ್ಯಾಂಕಿನ ತಳಕ್ಕೆ ಧಬ್ ಧಬ್ ಅಂತ ಎರಡು. ಗುಂಯ್! ಕಾರು ಸ್ಟಾರ್ಟ್. “ನಾಳೇನೇ ಪಂಪ್ ಬದಲಾಯಿಸಿ. ಅಲ್ಲೀವರೆಗೂ ಆಫ್ ಮಾಡ್ಬೇಡಿ” ಅಂತ ಮಟ್ಟೆಯನ್ನೂ ನನ್ನ ಕೈಗೇ ಕೊಟ್ಟರು.

ಆದರೆ ಮುಳ್ಳು ರಿಸರ್ವಿನಲ್ಲಿತ್ತು, ಬಂಕಿನಲ್ಲಿ ಇಂಜಿನ್ ಆಫ್ ಮಾಡಲೇಬೇಕು. ಮಾಡಿದೆ, ಜೀವನದಲ್ಲಿ ಮೊದಲ ಸಲ ಫುಲ್ ಟ್ಯಾಂಕ್ ಹಾಕಿಸಿದೆ. ಕಾರು ಏಳಲಿಲ್ಲ. ಚಿಕ್ಕಪ್ಪ ಮಟ್ಟೆ ಹಿಡಿದು ಕೆಳಗೆ ಬಗ್ಗಿದ್ದೇ ತಡ, ಬಂಕಿನ ಹುಡುಗರು ಹೌಹಾರಿ ನಮ್ಮನ್ನು ರಸ್ತೆಯವರೆಗೂ ತಳ್ಳಿಬಿಟ್ಟರು. ಹೊಡೆಯುವುದಿದ್ದರೆ ಅಲ್ಲಿ ಹೊಡ್ಕೊಳ್ಳಿ ಅಂದರು. ಅವರು ಹೇಳಿದ್ದು ನ್ಯಾಯವೇ.

ತಲುಪಿದಾಗ ಎರಡನೇ ಪಂಕ್ತಿ ಕೂತಿತ್ತು. ಊಟ ಮುಗಿಸಿ ಹೊರಟರೆ ಕಾರಿನ ಸುತ್ತ ಗುಂಪು, ಮಟ್ಟೆ ನನಗೆ ಕೊಡಿ ಅಂತ ಗಂಡಿನ ಕಡೆಯವರದೂ ಹೆಣ್ಣಿನ ಕಡೆಯವರದೂ ಪೈಪೋಟಿ. ಚಿಕ್ಕಪ್ಪ ಐದಾರು ಪೆಟ್ಟು ಹಾಕಿ ಸುಸ್ತಾದರು. ಕೊನೆಗೆ ವಾಲಗದ ಡೋಲಿನವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು, “ಇಲ್ಲಿ ಕೊಡಿ ಸ್ವಾಮಿ” ಅಂತ ಪಂಚೆ ಎತ್ತಿ ಕಟ್ಟಿ ಕೆಳಗೆ ಮಲಗಿದರು. ತಕಧಿಂ ಅಂತ ಮೂರೇ ಪೆಟ್ಟು.

“ಅಂತು ಕಣೋ, ಹೊರಡು” ಅಂದರು ದೊಡ್ಡಮ್ಮ.