ಸ್ಪಷ್ಟನೆ: ಮಿದುಳಿನ ಸ್ಕ್ಯಾನ್ ಡಿಸ್ಲೆಕ್ಸಿಯಾ ಪತ್ತೆಯ ಪರೀಕ್ಷೆಯಲ್ಲ
ಡಿಸ್ಲೆಕ್ಸಿಯಾ ಎಂದರೆ ಪದಗಳನ್ನು ಸರಿಯಾಗಿ, ಸರಾಗವಾಗಿ ಓದಿ ಬರೆಯಲು ಕಷ್ಟವಾಗುವ ಕಲಿಕೆಯ ತೊಡಕು. “ಡಿಸ್ಲೆಕ್ಸಿಯಾ ಇರುವ ಮಕ್ಕಳು ಬಲ ಮಿದುಳಿನಿಂದ ಓದುತ್ತಾರೆ, ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ” ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಓದುವ ಹೊತ್ತಿನಲ್ಲಿ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ತೆಗೆದ ಹಲವು ಅಧ್ಯಯನಗಳಲ್ಲಿ, ಈ ಮಕ್ಕಳ ಎಡ ಮಿದುಳಿನ ಹಿಂಭಾಗದ ಎರಡು ಕಡೆ ಚಟುವಟಿಕೆ ಕಡಿಮೆ ಕಂಡಿರುವುದು ನಿಜ. ಒಂದು, ಅಕ್ಷರವನ್ನು ಧ್ವನಿಗೆ ಜೋಡಿಸುವ ಜಾಗ; ಇನ್ನೊಂದು, ಪರಿಚಿತ ಪದವನ್ನು ಕಂಡೊಡನೆ ಗುರುತಿಸುವ ತಳಭಾಗ. ಬಲಭಾಗದ ಚಟುವಟಿಕೆ ಹೆಚ್ಚಿದ್ದು ಕೆಲವು ಅಧ್ಯಯನಗಳಲ್ಲಿ ಮಾತ್ರ.

ಆದರೆ ಇವೆಲ್ಲ ಗುಂಪಿನ ಸರಾಸರಿ. ಡಿಸ್ಲೆಕ್ಸಿಯಾ ಇರುವ ಮತ್ತು ಇಲ್ಲದ ಮಕ್ಕಳ ಗುಂಪುಗಳ ಅಳತೆಗಳು ಬಹಳಷ್ಟು ಬೆರೆತುಹೋಗುವುದರಿಂದ ಒಂದೇ ಮಗುವಿನ ಚಿತ್ರ ನೋಡಿ ತೀರ್ಪು ಕೊಡಲಾಗದು. ಮಿದುಳಿನ ರಚನೆಯನ್ನಷ್ಟೇ ತೋರಿಸುವ ಆಸ್ಪತ್ರೆಯ ಮಾಮೂಲಿ ಎಂಆರ್‌ಐ ಸಾಮಾನ್ಯವಾಗಿ ಸಹಜವೆಂದೇ ಬರುತ್ತದೆ. ಅದನ್ನು ನಂಬಿ “ತೊಂದರೆಯಿಲ್ಲ” ಎಂದು ಸುಮ್ಮನಾಗುವುದೇ ದೊಡ್ಡ ಅಪಾಯ. ಮೇಲಾಗಿ, ಅಧ್ಯಯನಗಳಲ್ಲಿ ಕಂಡ ವ್ಯತ್ಯಾಸದಲ್ಲಿ ಓದು ಕಡಿಮೆಯಾದ್ದರಿಂದಲೇ ಉಂಟಾದದ್ದೂ ಸೇರಿರಬಹುದು.

ಪತ್ತೆಗೆ ಬೇಕಿರುವುದು ಓದಿನ ಪರೀಕ್ಷೆ: ಬಿಡಿ ಪದಗಳು, ಅರ್ಥವಿಲ್ಲದ ಕಲ್ಪಿತ ಪದಗಳು, ಓದಿನ ವೇಗ, ಕಾಗುಣಿತ, ಪದದೊಳಗಿನ ಧ್ವನಿ ಬಿಡಿಸುವುದು, ಚಿತ್ರಗಳನ್ನು ಸರಸರನೆ ಹೆಸರಿಸುವುದು. ಕಲ್ಪಿತ ಪದ ಮುಖ್ಯ, ಏಕೆಂದರೆ ಅದನ್ನು ನೆನಪಿನಿಂದ ಹೇಳಲಾಗದು. ಮೊದಲು ದೃಷ್ಟಿ, ಶ್ರವಣ ಪರೀಕ್ಷಿಸಿ.

ಈ ವ್ಯತ್ಯಾಸ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಅಕ್ಷರ-ಧ್ವನಿಯ ಕ್ರಮಬದ್ಧ ಪಾಠ ತಿಂಗಳುಗಟ್ಟಲೆ ನಡೆದ ಮೇಲೆ ಎಡಭಾಗದ ಚಟುವಟಿಕೆ ಹೆಚ್ಚಿದ್ದನ್ನೂ ಅಧ್ಯಯನಗಳು ತೋರಿಸಿವೆ.